ರಾಮಪತ್ರೆ ಜಡ್ಡಿ ಕೊಲ್ಲಂನಲ್ಲೂ ಇದೆ, ಸಿದ್ದಾಪುರದಲ್ಲೂ ಇದೆ. ನಡುವೆ 600 ಕಿ.ಮೀ. ಖಾಲಿ ಏಕೆ?

ಕಾನುಮೂಲೆ

ಪಶ್ಚಿಮ ಘಟ್ಟದ ರಾಮಪತ್ರೆ ಜಡ್ಡಿಗಳ, ಅಂದರೆ ಪುಸ್ತಕದವರು ಮಿರಿಸ್ಟಿಕಾ ಜೌಗು ಎನ್ನುವ ಕಾಡಿನ ಹಂಚಿಕೆ ನಕ್ಷೆ ಮಾಡುತ್ತಿದ್ದೇನೆ. ಮೂರು ಮರಗಳನ್ನು ಆರಿಸಿಕೊಂಡಿದ್ದೇನೆ: ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಜಿಮ್ನಾಕ್ರಾಂಥೆರಾ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಜಿಬಿಐಎಫ್, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜೀವಿ ದಾಖಲೆಯ ಜಾಲತಾಣಗಳು, ಹಳೆಯ ಹರ್ಬೇರಿಯಂ ಹಾಳೆ (ಒಣಗಿಸಿ ಅಂಟಿಸಿಟ್ಟ ಗಿಡದ ಮಾದರಿ) ಎಲ್ಲ ಸೇರಿಸಿ ಚುಕ್ಕಿ ಇಟ್ಟಾಗ ಒಂದು ಗುಂಪು ಕೇರಳದ ಕೊಲ್ಲಂ ಜಿಲ್ಲೆಯ ಕುಳತ್ತೂಪುಳ, ಅಂಚಲ್ ಸುತ್ತ ಬಿತ್ತು. ಇನ್ನೊಂದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಸುತ್ತ. ನೇರ ಗೆರೆ ಎಳೆದರೆ 600 ಕಿ.ಮೀ. ದಾಟುತ್ತದೆ, ನಡುವೆ ಚುಕ್ಕಿ ತೀರಾ ವಿರಳ. ಜೊತೆಗೆ ಕೆಲವು ಚುಕ್ಕಿ ಇಂಡೋನೇಷ್ಯಾದಲ್ಲಿವೆ, ಒಂದು ಅರಬ್ಬಿ ಸಮುದ್ರದಲ್ಲಿ ಬಿದ್ದಿದೆ. ಈ ಖಾಲಿಗೆ ಘಟ್ಟದ ಸಾಲು ಕಡಿದು ತಗ್ಗಾಗಿರುವ ಪಾಲಕ್ಕಾಡ್ ಕಂಡಿಯೇ ಕಾರಣ ಎಂದು ಬರೆದುಬಿಡಬಹುದೇ?

ಜಡ್ಡಿಗದ್ದೆ

ಬರೆಯಬೇಡಿ. ಕಾರಣ ಹುಡುಕುವ ಮೊದಲು ಆ ಖಾಲಿ ಕಾಡಿನಲ್ಲಿದೆಯೋ ನಿಮ್ಮ ಕಡತದಲ್ಲಿದೆಯೋ ನೋಡಿ.

ಇಂಡೋನೇಷ್ಯಾದ ಚುಕ್ಕಿಗಳು ಹೆಸರಿನ ಗೊಂದಲ. ನಮ್ಮ ಜಡ್ಡಿಯ ಮರವನ್ನು ಬಹಳ ಕಾಲ ಮಿರಿಸ್ಟಿಕಾ ಫಟುವಾ ಎಂಬ ಪ್ರಭೇದದ ಮ್ಯಾಗ್ನಿಫಿಕಾ ಬಗೆ ಎಂದು ಬರೆಯುತ್ತಿದ್ದರು. ಅಸಲಿ ಫಟುವಾ ಮೊಲುಕ್ಕಾಸ್ ದ್ವೀಪಗಳ ಕಡೆಯ ಮರ. ನೀವು ಫಟುವಾ ಎಂದು ಹುಡುಕಿದಾಗ ಅದೂ ಬಲೆಗೆ ಬಿದ್ದಿದೆ. ಜಿಮ್ನಾಕ್ರಾಂಥೆರಾದ್ದೂ ಇದೇ ಕಥೆ: ಕೆಲವರು ಕ್ಯಾನರಿಕಾ ಎನ್ನುತ್ತಾರೆ, ಕೆಲವರು ಮಲಯಾದ ಫರ್ಕುಹಾರಿಯಾನಾದೊಳಗೆ ಸೇರಿಸುತ್ತಾರೆ. ಎರಡೂ ಹೆಸರಲ್ಲಿ ಇಳಿಸಿಕೊಂಡು, ಭಾರತದ ದಾಖಲೆ ಮಾತ್ರ ಉಳಿಸಿ, ಮೂಲ ಹಾಳೆಯಲ್ಲಿ ಏನು ಬರೆದಿತ್ತು ಅನ್ನುವುದನ್ನು ಇನ್ನೊಂದು ಕಾಲಂನಲ್ಲಿ ಹಾಗೇ ಇಡಿ. ಮೂಲ ಹೆಸರು ಅಳಿಸಿದರೆ ಮುಂದೆ ತಪ್ಪು ಪತ್ತೆಯಾದಾಗ ಹಿಂದಿರುಗುವ ದಾರಿ ಇರುವುದಿಲ್ಲ.

‘ರಾಮಪತ್ರೆ’ ಅನ್ನುವ ಆಡುಮಾತಿನ ಹೆಸರನ್ನಂತೂ ನಂಬಬೇಡಿ. ಪತ್ರೆಗಾಗಿ (ಬೀಜದ ಮೇಲಿನ ಹೊದಿಕೆ) ಕೀಳುವ ಮಿರಿಸ್ಟಿಕಾ ಮಲಬಾರಿಕಾಗೂ ಅದೇ ಹೆಸರು, ಅದು ಜಡ್ಡಿಯನ್ನೇ ಕಟ್ಟಿಕೊಂಡು ಬದುಕುವ ಮರವಲ್ಲ. ಅದನ್ನು ಸೇರಿಸಿದರೆ ಖಾಲಿ ಜಾಗವೆಲ್ಲ ತುಂಬಿಬಿಡುತ್ತದೆ, ಆದರೆ ಸುಳ್ಳು ತುಂಬುವಿಕೆ.

ಅಕ್ಷಾಂಶ

ಸಮುದ್ರದಲ್ಲಿ ಬಿದ್ದ ಚುಕ್ಕಿಯ ಅಂಕಿ 14.16, 74.45 ಇರಬೇಕಲ್ಲ?

ಕಾನುಮೂಲೆ

ಹೌದು ಸರ್! ಹೇಗೆ ಗೊತ್ತಾಯಿತು?

ಅಕ್ಷಾಂಶ

ಕತ್ತಲೆಕಾನಿನ ಆಸುಪಾಸು ಅಂದಾಜು 14 ಡಿಗ್ರಿ 16 ನಿಮಿಷ ಉತ್ತರ, 74 ಡಿಗ್ರಿ 45 ನಿಮಿಷ ಪೂರ್ವ. ಯಾರೋ ಡಿಗ್ರಿ-ನಿಮಿಷದ ನಡುವೆ ಒಂದು ಚುಕ್ಕಿ ಹಾಕಿ ದಶಮಾಂಶ ಎಂದು ಕೊಟ್ಟಿದ್ದಾರೆ. ನಿಮಿಷವನ್ನು 60ರಿಂದ ಭಾಗಿಸಬೇಕಿತ್ತು: 16/60 ಅಂದರೆ 0.267, 45/60 ಅಂದರೆ 0.75. ಸರಿಯಾದ್ದು 14.267, 74.75. ತಪ್ಪಿದ್ದರಿಂದ ಚುಕ್ಕಿ ದಕ್ಷಿಣಕ್ಕೆ 12 ಕಿ.ಮೀ., ಪಶ್ಚಿಮಕ್ಕೆ 32 ಕಿ.ಮೀ. ಸರಿದು ಹೊನ್ನಾವರದ ದಕ್ಷಿಣಕ್ಕೆ ನೀರಿಗೆ ಬಿತ್ತು.

ಸಮುದ್ರಕ್ಕೆ ಬಿದ್ದದ್ದು ಪುಣ್ಯ, ಕಣ್ಣಿಗೆ ಕಾಣುತ್ತದೆ. ಇದೇ ತಪ್ಪು ಆಗುಂಬೆಗೆ (13°30′) ಆದರೆ 13.50 ಹೋಗಿ 13.30 ಆಗುತ್ತದೆ. ಚುಕ್ಕಿ 22 ಕಿ.ಮೀ. ದಕ್ಷಿಣಕ್ಕೆ, ಘಟ್ಟದ ಕೆಳಗೆ ಕಾರ್ಕಳದ ಕಡೆಗೆ ಇಳಿಯುತ್ತದೆ. ಅಲ್ಲೂ ಕಾಡಿದೆ, ಯಾರಿಗೂ ಅನುಮಾನ ಬರುವುದಿಲ್ಲ; ಆದರೆ ಆರುನೂರು ಮೀಟರ್ ದಾಟಿದ ಜಾಗದ ಜೀವಿ ತಗ್ಗಿನದ್ದಾಗಿಬಿಡುತ್ತದೆ. ಇದನ್ನು ಹಿಡಿಯಲು ಒಂದು ಉಪಾಯ: ದಶಮಾಂಶದ ನಂತರದ ಮೊದಲ ಎರಡು ಅಂಕಿಗಳನ್ನು ಬೇರೆ ಕಾಲಂಗೆ ಎಳೆದು ಎಣಿಸಿ. ಒಂದು ಮೂಲದಿಂದ ಬಂದ ಸಾಲುಗಳಲ್ಲಿ 60ರಿಂದ 99ರವರೆಗಿನ ಅಂಕಿ ಒಂದೂ ಇಲ್ಲ ಅಂದರೆ ಅವು ನಿಮಿಷಗಳೇ.

ಅಕ್ಷಾಂಶ, ರೇಖಾಂಶ ಅದಲುಬದಲಾದರೆ ನಮ್ಮ ಚುಕ್ಕಿ 74 ಉತ್ತರ, 14 ಪೂರ್ವಕ್ಕೆ, ಅಂದರೆ ನಾರ್ವೆಗೂ ಆಚೆಯ ಸಮುದ್ರಕ್ಕೆ ಹೋಗುತ್ತದೆ. ಅದನ್ನು ಎಸೆಯಬೇಡಿ, ತಿರುಗಿಸಿ ಹಾಕಿ.

ಎಷ್ಟು ದಶಮಾಂಶ ಸ್ಥಾನ ಇದೆ ಅನ್ನುವುದನ್ನೂ ನೋಡಿ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಹಾಗಾಗಿ ಎರಡು ಸ್ಥಾನ ಅಂದರೆ 1.1 ಕಿ.ಮೀ., ನಾಲ್ಕು ಅಂದರೆ 11 ಮೀಟರ್. ಜಡ್ಡಿಯ ಅಗಲ ಎಷ್ಟೋ ಕಡೆ ಕೆಲವೇ ಹತ್ತು ಮೀಟರ್. ಎರಡು ಸ್ಥಾನದ ದಾಖಲೆ ತಾಲ್ಲೂಕಿನ ನಕ್ಷೆಗೆ ಸಾಕು, ತೊರೆಯ ನಕ್ಷೆಗೆ ಸಾಲದು.

ಹಳೇಟೊಪೊ

ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊ ಹಾಳೆಯಿಂದ ಓದಿದ ಅಂಕಿಯನ್ನು ನೇರ ಜಿಪಿಎಸ್ ಅಂಕಿಯ ಜೊತೆ ಬೆರೆಸಿದ್ದೀರಾ? ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ 1830 ಎಂಬ ಗೋಳವನ್ನು ಆಧಾರವಾಗಿ ಹಿಡಿದವು, ಜಿಪಿಎಸ್ ಹಿಡಿದಿರುವುದು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದನ್ನು. ನಮ್ಮ ಅಕ್ಷಾಂಶದಲ್ಲಿ ಎರಡಕ್ಕೂ ನೂರರಿಂದ ಇನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ. ಬಯಲುಸೀಮೆಯಲ್ಲಿ ಇದು ಲೆಕ್ಕಕ್ಕಿಲ್ಲ. ಘಟ್ಟದಲ್ಲಿ ಇನ್ನೂರು ಮೀಟರ್ ಸರಿದರೆ ತೊರೆಯ ಚುಕ್ಕಿ ದಿಬ್ಬ ಹತ್ತುತ್ತದೆ. ಕ್ಯೂಜಿಐಎಸ್‌ನಲ್ಲಿ (ನಕ್ಷೆಯ ತಂತ್ರಾಂಶ) ಆ ಪದರಕ್ಕೆ ಮೊದಲು ಅದರ ಸ್ವಂತ ಡೇಟಮ್ (ಆಧಾರ ಗೋಳ) ಹೇಳಿ, ಆಮೇಲೆ ರೀಪ್ರೊಜೆಕ್ಟ್ ಮಾಡಿ, ಅಂದರೆ ಹೊಸ ಆಧಾರಕ್ಕೆ ಅಂಕಿ ಪರಿವರ್ತಿಸಿ. ಬರೀ ಹಣೆಪಟ್ಟಿ ಬದಲಿಸಿದರೆ ಚುಕ್ಕಿ ಜರುಗುವುದಿಲ್ಲ, ತಪ್ಪು ಖಾಯಂ ಆಗುತ್ತದೆ.

ವಿಸ್ತೀರ್ಣ ಲೆಕ್ಕ ಹಾಕುವಾಗ ಯುಟಿಎಂ (ಮೀಟರಿನಲ್ಲಿ ಅಳೆಯುವ ನಕ್ಷೆಯ ಪದ್ಧತಿ) ವಲಯ 43 ಬಳಸಿ, ಅದು 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ. ಘಟ್ಟ ಪೂರ್ತಿ ಅದರೊಳಗೆ ಬರುತ್ತದೆ. ಕೋಲಾರ ಪಟ್ಟಣಕ್ಕೆ ಹೋದರೆ ಆಗಲೇ 44.

ಇನ್ನು ಹರ್ಬೇರಿಯಂ ಚೀಟಿ. ‘ಸೌತ್ ಕೆನರಾ’ ಎಂದರೆ ಇಂದಿನ ದಕ್ಷಿಣ ಕನ್ನಡವಲ್ಲ. 1956ರವರೆಗೆ ಕಾಸರಗೋಡು ಅದರಲ್ಲೇ ಇತ್ತು, ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ‘ಮೈಸೂರು’ ಎಂದರೆ ಊರೋ ಸಂಸ್ಥಾನವೋ ಸಂಗ್ರಹಕಾರರ ಬೇರೆ ಹಾಳೆಗಳನ್ನು, ಅದೇ ವಾರದ ತಾರೀಖುಗಳನ್ನು ನೋಡಿ ತೀರ್ಮಾನಿಸಬೇಕು. ಜಾಗ ಗೊತ್ತಿಲ್ಲದಾಗ ಜಿಲ್ಲೆಯ ನಡುಬಿಂದು ಇಡುವ ಅಭ್ಯಾಸ ಎಲ್ಲಕ್ಕಿಂತ ಅಪಾಯ. ಉತ್ತರ ಕನ್ನಡದ ನಡುಬಿಂದು ಒಳ್ಳೆ ಕಾಡಿನಲ್ಲೇ ಬೀಳುತ್ತದೆ, ನೋಡಿದರೆ ನಿಜವೆನಿಸುತ್ತದೆ. ಜಿಲ್ಲೆ ಸುಮಾರು 10,000 ಚದರ ಕಿ.ಮೀ.; ಅಷ್ಟೇ ವಿಸ್ತೀರ್ಣದ ವೃತ್ತ ಬರೆದರೆ ತ್ರಿಜ್ಯ 56 ಕಿ.ಮೀ. ಆಗುತ್ತದೆ. ಆ ಚುಕ್ಕಿಯ ಪಕ್ಕದಲ್ಲಿ ಅನಿಶ್ಚಿತತೆ 56,000 ಮೀಟರ್ ಎಂದು ಬರೆಯುವ ಧೈರ್ಯ ಇದ್ದರೆ ಮಾತ್ರ ಇಡಿ. ಜಿಬಿಐಎಫ್‌ನಲ್ಲಿ ಆ ಕಾಲಂ ಖಾಲಿ ಇದ್ದರೆ ಅನಿಶ್ಚಿತತೆ ಸೊನ್ನೆ ಎಂದಲ್ಲ, ಯಾರೂ ಅಳೆದಿಲ್ಲ ಎಂದು.

ಮುಂಗಾರು

ಕಡತದ ಮಾತಾಯಿತು. ಆದರೆ ಎಷ್ಟೇ ತೊಳೆದರೂ ಈ ಮರಗಳ ನಡುವಿನ ವಿರಳ ಪಟ್ಟಿ ಪೂರ್ತಿ ಹೋಗುವುದಿಲ್ಲ. ಘಟ್ಟದಲ್ಲಿ ಯಾವ ಜೀವಿ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಒಟ್ಟು ಮಳೆಗಿಂತ ಒಣ ತಿಂಗಳ ಲೆಕ್ಕ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರಿಯುತ್ತದೆ, ಕೊಲ್ಲಂ ಕಾಡಿನಲ್ಲಿ ಅದರ ಅರ್ಧವೂ ಇಲ್ಲ. ಆದರೂ ಕೊಲ್ಲಂ ಹೆಚ್ಚು ತೇವದ ಊರು! ಅಲ್ಲಿ ಏಪ್ರಿಲ್–ಮೇ ಮಳೆ ಇದೆ, ಮುಂಗಾರು ಇದೆ, ಅಕ್ಟೋಬರ್–ನವೆಂಬರಿನ ಹಿಂಗಾರೂ ಇದೆ. ಒಣ ತಿಂಗಳು ಎರಡೋ ಮೂರೋ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಎಲ್ಲ ಸುರಿದು ಐದಾರು ತಿಂಗಳು ಆಕಾಶ ಬಾಯಿ ಮುಚ್ಚುತ್ತದೆ.

ಒಣ ತಿಂಗಳನ್ನು ಅಳೆಯಲು ಗೌಸೆನ್ ಸೂತ್ರ ಸಾಕು: ತಿಂಗಳ ಮಳೆ (ಮಿ.ಮೀ.) ಸರಾಸರಿ ಉಷ್ಣಾಂಶದ (ಸೆಲ್ಸಿಯಸ್) ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಒಣ ತಿಂಗಳು. 25 ಡಿಗ್ರಿ ಇರುವಲ್ಲಿ 50 ಮಿ.ಮೀ. ಗಡಿ. ಘಟ್ಟದುದ್ದಕ್ಕೂ ಇದನ್ನು ಲೆಕ್ಕ ಹಾಕಿ ಬಣ್ಣ ಹಚ್ಚಿದರೆ ನಿತ್ಯಹರಿದ್ವರ್ಣದ ಒಂದೊಂದೇ ಮರ ಉತ್ತರಕ್ಕೆ ಹೋದಂತೆ ಕಳಚಿಕೊಳ್ಳುವುದು ಕಾಣುತ್ತದೆ.

ಇನ್ನು ಬೀಜ. ಈ ಜಾತಿಯ ಬೀಜ ದೊಡ್ಡದು, ಒಣಗಿದರೆ ಬೇಗ ಸಾಯುತ್ತದೆ, ಕೂಡಿಟ್ಟುಕೊಳ್ಳಲಾಗದು. ಹೊತ್ತು ಹಾಕುವವು ಮಂಗಟ್ಟೆ, ಕಾಡುಪಾರಿವಾಳದಂಥ ದೊಡ್ಡ ಬಾಯಿಯ ಹಕ್ಕಿಗಳು. ಅವು ದೂರ ಒಯ್ದರೂ ಬೀಳುವ ನೆಲ ಒದ್ದೆ ಇರಬೇಕು. ಗಾಳಿಯಲ್ಲಿ ತೇಲುವ ಬೂರುಗದ ಹಾಗೆ ಇದು ಒಣ ಕಣಿವೆ ಹಾರಿ ಹೋಗುವ ಮರವಲ್ಲ.

ಜಡ್ಡಿಗದ್ದೆ

ಮುಂಗಾರು ಅವರ ಮಾತು ಸಾಮಾನ್ಯ ನಿತ್ಯಹರಿದ್ವರ್ಣಕ್ಕೆ ಪೂರ್ತಿ ಒಪ್ಪುತ್ತೇನೆ, ಜಡ್ಡಿಗೆ ಅರ್ಧ. ಜಡ್ಡಿಯ ಮರ ಕುಡಿಯುವುದು ಆಕಾಶದ ನೀರನ್ನಲ್ಲ, ಮೇ ತಿಂಗಳಲ್ಲೂ ಒಸರುವ ನೆಲದ ನೀರನ್ನು. ಸಿದ್ದಾಪುರ ಉತ್ತರದ ತುದಿ ಎಂದು ನಿಮ್ಮ ನಕ್ಷೆ ಹೇಳುತ್ತಿದೆಯಲ್ಲ, ಗೋವಾದ ಸತ್ತರಿಯಲ್ಲಿ ಜಡ್ಡಿ ಇದೆ. ಅದಕ್ಕೂ ಉತ್ತರಕ್ಕೆ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ ದೋಡಾಮಾರ್ಗ ತಾಲ್ಲೂಕಿನ ಬಾಂಬರ್ಡೆಯಲ್ಲಿ ದೇವರಕಾಡಾಗಿ ಉಳಿದ ಜಡ್ಡಿ ದಾಖಲಾಗಿದೆ. ಅಲ್ಲಿ ಒಣ ತಿಂಗಳು ಸಿದ್ದಾಪುರಕ್ಕಿಂತ ಹೆಚ್ಚು. ಬರೀ ಹವಾಮಾನ ಗಡಿ ಹಾಕಿದ್ದರೆ ಅದು ಅಲ್ಲಿ ಇರಲೇಬಾರದಿತ್ತು.

ಹಾಗಾದರೆ ನಡುವೆ ಏಕಿಲ್ಲ? ವರ್ಷವಿಡೀ ನೀರು ನಿಲ್ಲುವ, ಸಪಾಟಾದ ಕಣಿವೆತಳ ಘಟ್ಟದ ತಪ್ಪಲಲ್ಲಿ ಇನ್ನಾರಿಗೆ ಬೇಕು? ಭತ್ತಕ್ಕೆ, ಅಡಿಕೆಗೆ. ಜಡ್ಡಿಗೂ ಗದ್ದೆಗೂ ಒಂದೇ ನೆಲ. ಕೇರಳದ ಜಡ್ಡಿಗಳು ಬಹುಪಾಲು 300 ಮೀಟರಿನ ಒಳಗಿನವು. ಆ ಎತ್ತರದ ಕಣಿವೆತಳ ಮಲಬಾರಿನಲ್ಲಿ, ತುಳುನಾಡಿನಲ್ಲಿ ಶತಮಾನಗಳಿಂದ ಗದ್ದೆ, ತೋಟ. ಉಳಿದದ್ದು ಎಲ್ಲಿ? ದೇವರಕಾಡಿನಲ್ಲಿ, ಕಾನಿನಲ್ಲಿ, ಮೀಸಲು ಅರಣ್ಯದ ಮೂಲೆಯಲ್ಲಿ. ನಿಮ್ಮ 600 ಕಿ.ಮೀ. ಖಾಲಿಯಲ್ಲಿ ಒಂದು ಪಾಲು ಸ್ವಭಾವದ್ದು, ಒಂದು ಪಾಲು ನೇಗಿಲಿನದ್ದು, ಇನ್ನೊಂದು ಪಾಲು ಯಾರೂ ಹೋಗಿ ನೋಡದ್ದು.

ನೀಲಗಿರಿಕೋಡು

ಪಾಲಕ್ಕಾಡ್ ಕಂಡಿಯನ್ನು ಇಷ್ಟು ಸುಲಭವಾಗಿ ಕೈಬಿಡುವುದು ನನಗೆ ಒಪ್ಪಿಗೆ ಇಲ್ಲ. 30–40 ಕಿ.ಮೀ. ಅಗಲ, ತಳ 300 ಮೀಟರಿಗಿಂತ ಕೆಳಗೆ, ಒಣ ಗಾಳಿ. ಶೋಲಾ (ಎತ್ತರದ ಗುಡ್ಡಗಳ ಕಾಡು) ಹಕ್ಕಿಗಳನ್ನು ನೋಡಿ. ಶೋಲಿಕೋಲಾ ಕುಲದಲ್ಲಿ ಕಂಡಿಯ ಉತ್ತರಕ್ಕೆ ಮೇಜರ್ ಎಂಬ ಪ್ರಭೇದ, ದಕ್ಷಿಣಕ್ಕೆ ಆಲ್ಬಿವೆಂಟ್ರಿಸ್. ನಗೆಮಲ್ಲಿಗಳ ಮಾಂಟೆಸಿಂಕ್ಲಾ ಕುಲವೂ ಹಾಗೇ ಒಡೆದಿದೆ. 2017ರಲ್ಲಿ ಈ ಎರಡೂ ಕುಲಗಳಿಗೆ ಹೊಸ ಹೆಸರು ಬಂದದ್ದೇ ಡಿಎನ್‌ಎ ನೋಡಿದ ಮೇಲೆ.

ಮುಂಗಾರು

ನಿಮ್ಮ ಉದಾಹರಣೆ ಸರಿ, ಅದನ್ನು ಇಲ್ಲಿಗೆ ತಂದದ್ದು ಸರಿಯಿಲ್ಲ ಮಾರಾಯ್ರೆ. ಆ ಹಕ್ಕಿಗಳು 1,400 ಮೀಟರ್ ಆಸುಪಾಸಿನಿಂದ ಮೇಲಿನ ತಂಪು ಶೋಲಾದವು. ಅವುಗಳಿಗೆ 300 ಮೀಟರಿನ ಬಿಸಿ ಬಯಲು ಸಮುದ್ರವಿದ್ದಂತೆ. ಜಡ್ಡಿಯ ಮರಕ್ಕೆ ತಗ್ಗೇ ಮನೆ, ಅದಕ್ಕೆ ಎತ್ತರದ ಗುಡ್ಡವೇ ಅಡ್ಡಿ. ಸಿಂಗಳೀಕವೂ ಕಂಡಿಯ ಎರಡೂ ಕಡೆ ಇದೆ. ವರೆಯಾಡು (ನೀಲಗಿರಿ ತಾರ್ ಎಂಬ ಕಾಡುಮೇಕೆ) ಎತ್ತರದ ಹುಲ್ಲುಗಾವಲಿನ ಪ್ರಾಣಿ, ಆದರೂ ನೀಲಗಿರಿಯಲ್ಲೂ ಆನೆಮಲೆಯಲ್ಲೂ ಇದೆ. ಒಂದೇ ಕಂಡಿ ಒಂದಕ್ಕೆ ಗೋಡೆ, ಇನ್ನೊಂದಕ್ಕೆ ಬಾಗಿಲು. ಮಾಂಟೆಸಿಂಕ್ಲಾದಲ್ಲೇ ನೋಡಿ: ನೀಲಗಿರಿಯ ಕ್ಯಾಕಿನಾನ್ಸ್, ವಯನಾಡು–ಬ್ರಹ್ಮಗಿರಿಯ ಜೆರ್ಡೋನಿ ಎರಡೂ ಕಂಡಿಯ ಉತ್ತರದವೇ. ಅವನ್ನು ಬೇರೆ ಮಾಡಿದ್ದು ಚಾಲಿಯಾರ್ ಕಣಿವೆ.

ನೀಲಗಿರಿಕೋಡು

ಒಪ್ಪಿದೆ. ಆದರೆ ‘ಈಗಿನ’ ಎತ್ತರದ ಲೆಕ್ಕ ಮಾತ್ರ ಸಾಲದು. ನೀಲಗಿರಿಯ ಪೀಟ್ (ಕೊಳೆತ ಗಿಡಗಳು ಕೂಡಿ ಆದ) ಮಣ್ಣಿನ ಇಂಗಾಲದ ಐಸೊಟೋಪ್ ಅಧ್ಯಯನ 1993ರಲ್ಲೇ ಬಂದಿದೆ: ಸುಮಾರು 20,000 ವರ್ಷ ಹಿಂದಿನ ಹಿಮಯುಗದ ತುತ್ತತುದಿಯಲ್ಲಿ ಅಲ್ಲಿ ಒಣ ಹವೆಯ ಹುಲ್ಲು ಹೆಚ್ಚಿತ್ತು. ಕಾಡು ಹಿಗ್ಗಿದೆ, ಕುಗ್ಗಿದೆ. ಗಡಿ ಎಂಬುದು ನಿಂತ ಗೆರೆಯಲ್ಲ.

ಕಪ್ಪೆಗೂಡು

ಹಿಂದಕ್ಕೆ ಹೋಗುವುದಾದರೆ ಪೂರ್ತಿ ಹೋಗೋಣ. ಇಡುಕ್ಕಿಯಲ್ಲಿ 2003ರಲ್ಲಿ ಹೆಸರು ಪಡೆದ ನೇರಳೆ ಕಪ್ಪೆ ನಾಸಿಕಾಬಟ್ರಾಕಸ್‌ಗೆ ಹತ್ತಿರದ ನೆಂಟರು ಪಕ್ಕದ ಕಾಡಿನಲ್ಲಿಲ್ಲ, ಸೆಶೆಲ್ಸ್ ದ್ವೀಪಗಳಲ್ಲಿದ್ದಾರೆ. ಭಾರತ, ಸೆಶೆಲ್ಸ್ ಬೇರೆಯಾಗಿ ಸುಮಾರು 6.5 ಕೋಟಿ ವರ್ಷ. ಉಪ್ಪುನೀರು ದಾಟಲಾರದ, ನೆಲದೊಳಗೆ ಹುದುಗಿರುವ ಕಪ್ಪೆ ಈಜಿ ಹೋಗಿರಲಾರದು. ನೆಲವೇ ಹೊತ್ತು ತಂದದ್ದು.

ಅದಕ್ಕೆ ವಿರುದ್ಧ ದಿಕ್ಕಿನದು ಮೀನುತಜ್ಞ ಸುಂದರ್ ಲಾಲ್ ಹೋರಾ ಅವರ ಸಾತ್ಪುಡಾ ವಾದ. ಈಶಾನ್ಯದ, ಮಲಯಾದ ಮೀನುಗಳ ನೆಂಟರು ಪಶ್ಚಿಮ ಘಟ್ಟದಲ್ಲಿದ್ದು ನಡುವೆ ಇಲ್ಲದಿರುವುದನ್ನು ನೋಡಿ, ಹಿಂದೆ ವಿಂಧ್ಯ–ಸಾತ್ಪುಡಾ ಸಾಲು ತೇವವಾಗಿದ್ದಾಗ ಅದೇ ಸೇತುವೆಯಾಗಿತ್ತು ಎಂದರು. ರೋಡೊಡೆಂಡ್ರಾನ್ ಅರ್ಬೋರಿಯಂ ಹಿಮಾಲಯದಲ್ಲೂ ನೀಲಗಿರಿಯಲ್ಲೂ ಇದೆ, ದೊಡ್ಡ ಮಂಗಟ್ಟೆಯೂ ಹಾಗೇ. ಕೇಳಲು ಚಂದ. ತೊಡಕು ಏನೆಂದರೆ ಒಂದೊಂದು ಗುಂಪು ಬೇರ್ಪಟ್ಟ ಕಾಲ ಒಂದೊಂದು. ಎಲ್ಲವೂ ಒಂದೇ ಸೇತುವೆ ದಾಟಿದ್ದರೆ ಡಿಎನ್‌ಎ ಗಡಿಯಾರಗಳು ಸುಮಾರಾಗಿ ಒಂದೇ ಹೊತ್ತು ತೋರಿಸಬೇಕಿತ್ತು. ಹಾಗಾಗಿ ‘ಅಲ್ಲೂ ಇದೆ, ಇಲ್ಲೂ ಇದೆ, ನಡುವೆ ಇಲ್ಲ’ ಅನ್ನುವ ಒಂದೇ ಚಿತ್ರಕ್ಕೆ ಒಂದೇ ಕಾರಣ ಹುಡುಕಬೇಡಿ.

ಕಾನುಮೂಲೆ

ಕಡತ ತೊಳೆದ ಮೇಲೆ ಮ್ಯಾಕ್ಸೆಂಟ್ ಎಂಬ ಆವಾಸ ಊಹಿಸುವ ತಂತ್ರಾಂಶಕ್ಕೆ ಹಾಕಿ ‘ಎಲ್ಲಿ ಇರಬಹುದು’ ನಕ್ಷೆ ತೆಗೆಯೋಣವೆಂದಿದ್ದೇನೆ. ವರ್ಲ್ಡ್‌ಕ್ಲೈಮ್‌ನ 19 ಹವಾಮಾನ ಪದರ ಹಾಕಿ ಒಮ್ಮೆ ಓಡಿಸಿದೆ, ಎಯುಸಿ (ಊಹೆಯ ಗುಣಮಟ್ಟದ ಅಂಕ, ಗರಿಷ್ಠ 1) 0.98 ಬಂತು.

ಚೌಕಟ್ಟು

0.98 ನೋಡಿ ಹಿಗ್ಗಬೇಡಿ. ಹಿನ್ನೆಲೆ ಬಿಂದುಗಳನ್ನು, ಅಂದರೆ ಮರದ ಚುಕ್ಕಿಗಳ ಜೊತೆ ಹೋಲಿಸುವ ಜಾಗಗಳನ್ನು, ಇಡೀ ಭಾರತದಿಂದ ತೆಗೆದಿರುತ್ತೀರಿ. ಜಡ್ಡಿಯ ಮರ ಥಾರ್ ಮರುಭೂಮಿಯಲ್ಲಿಲ್ಲ ಎಂದು ಹೇಳಲು ಗಣಕ ಬೇಕೇ? ಸುಲಭದ ಪ್ರಶ್ನೆಗೆ ಸಿಕ್ಕ ಅಂಕ ಅದು. ಹಿನ್ನೆಲೆಯನ್ನು ಘಟ್ಟಕ್ಕೂ ಕರಾವಳಿಗೂ ಸೀಮಿತಗೊಳಿಸಿ ಮತ್ತೆ ಓಡಿಸಿ, ಅಂಕ ಇಳಿಯುತ್ತದೆ, ನಕ್ಷೆ ಸುಧಾರಿಸುತ್ತದೆ.

19 ಪದರ ಬೇಡ. ಜೋಡಿ ಜೋಡಿಯಾಗಿ ಹೋಲಿಸಿ, ಪರಸ್ಪರ ಸಂಬಂಧ 0.7 ದಾಟಿದಲ್ಲಿ ಒಂದನ್ನು ಬಿಡಿ. ಯಾವುದನ್ನು ಉಳಿಸಬೇಕು ಅನ್ನುವುದು ಗಣಕದ ಕೆಲಸವಲ್ಲ, ನಿಮ್ಮದು. ಇಲ್ಲಿ ಒಣ ತ್ರೈಮಾಸಿಕದ ಮಳೆ, ಮಳೆಯ ಋತುಮಾನದ ಏರಿಳಿತ ಉಳಿಯಲಿ. ಒಂದೇ ಚೌಕದಲ್ಲಿ ಬಿದ್ದ ಹತ್ತು ಚುಕ್ಕಿಯಲ್ಲಿ ಒಂದನ್ನೇ ಇಡಿ. ಇಲ್ಲವಾದರೆ ಕತ್ತಲೆಕಾನಿಗೆ ಹೋದವರೆಲ್ಲ ಫೋಟೋ ಹಾಕಿದ್ದಕ್ಕೆ ಕತ್ತಲೆಕಾನಿನ ಹವೆಯೇ ಆ ಮರದ ಇಷ್ಟ ಎಂದು ಮಾದರಿ ಕಲಿಯುತ್ತದೆ. ರಸ್ತೆ ಬದಿಯ ಪಕ್ಷಪಾತವೂ ಇದೇ. ಅದಕ್ಕೆ ಮದ್ದು: ಘಟ್ಟದ ಬೇರೆ ಮರಗಳನ್ನು ಯಾರು ಯಾರು ಎಲ್ಲೆಲ್ಲಿ ದಾಖಲಿಸಿದ್ದಾರೋ ಆ ಜಾಗಗಳನ್ನೇ ಹಿನ್ನೆಲೆಯಾಗಿ ಕೊಡುವುದು. ನೋಡುವವರು ಹೋದ ಜಾಗಕ್ಕೆ ಹೋಲಿಸಿದರೆ ಮಾತ್ರ ‘ಹೋದರೂ ಸಿಗಲಿಲ್ಲ’ ಅನ್ನುವುದಕ್ಕೆ ಬೆಲೆ. ಪರೀಕ್ಷೆಗೆ ಚುಕ್ಕಿಗಳನ್ನು ಚೀಟಿ ಎತ್ತಿದಂತೆ ಬೇರೆ ಮಾಡಬೇಡಿ, ತುಂಡು ತುಂಡು ಪ್ರದೇಶವಾಗಿ ಮಾಡಿ: ಕೊಲ್ಲಂ ಚುಕ್ಕಿಗಳಿಂದ ಕಲಿಸಿ, ಸಿದ್ದಾಪುರ ಊಹಿಸುತ್ತದೆಯೇ ನೋಡಿ.

ಇಷ್ಟೆಲ್ಲ ಮಾಡಿದರೂ ಮೂಲದಲ್ಲೇ ಒಂದು ತೊಡಕು ಉಳಿಯುತ್ತದೆ. ವರ್ಲ್ಡ್‌ಕ್ಲೈಮ್‌ನ ಅತಿ ಸಣ್ಣ ಚೌಕ ಸುಮಾರು 1 ಕಿ.ಮೀ. ಮೇಲೆ ಅಕ್ಷಾಂಶ ಅವರು ಹೇಳಿದಂತೆ ಜಡ್ಡಿ ಕೆಲವು ಹತ್ತು ಮೀಟರ್. ಆ ಮಾದರಿಗೆ ಕಾಡಿನ ಹವೆ ಕಾಣುತ್ತದೆ, ಜಡ್ಡಿ ಕಾಣುವುದಿಲ್ಲ. 30 ಮೀಟರಿನ ಎತ್ತರದ ಪದರದಿಂದ ಇಳಿಜಾರು, ಒದ್ದೆತನದ ಸೂಚ್ಯಂಕ, ಹತ್ತಿರದ ತೊರೆಯಿಂದ ಎಷ್ಟು ಎತ್ತರ ಎಂಬ ಮೂರನ್ನು ತೆಗೆದು ಎರಡನೇ ಜರಡಿ ಹಿಡಿಯಿರಿ. ಅದರಲ್ಲೂ ಎಚ್ಚರ: ಉಪಗ್ರಹದ ರಡಾರ್ ದಟ್ಟ ಕಾಡಿನಲ್ಲಿ ನೆಲವನ್ನಲ್ಲ, ಬಹುಮಟ್ಟಿಗೆ ಮರದ ತಲೆಯನ್ನು ಅಳೆಯುತ್ತದೆ. ಕಿರಿದಾದ ಹಳ್ಳ ಮುಚ್ಚಿಹೋಗುತ್ತದೆ.

ಅಕ್ಷಾಂಶ

ಒಂದು ಮಾತು ಸೇರಿಸುತ್ತೇನೆ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದ ಅಂಚಿನ ಪ್ರಭೇದಗಳ ಜಾಗವನ್ನು ಬೇಕೆಂದೇ ಮಸುಕು ಮಾಡುತ್ತಾರೆ: 0.2 ಡಿಗ್ರಿ ಚೌಕದೊಳಗೆ ಎಲ್ಲಾದರೂ ಒಂದು ಚುಕ್ಕಿ. ಅಂದರೆ 22 ಕಿ.ಮೀ. ಬದಿಯ ಚೌಕ. ಘಟ್ಟದಲ್ಲಿ ಅಷ್ಟರೊಳಗೆ ಕರಾವಳಿಯ ತಗ್ಗಿನಿಂದ ಘಟ್ಟದ ನೆತ್ತಿವರೆಗೆ ಎಲ್ಲ ಬರುತ್ತದೆ. ಆ ಚುಕ್ಕಿಯಿಂದ ಎತ್ತರ, ಇಳಿಜಾರು ಓದಿದರೆ ಬರುವುದು ಲಾಟರಿ ಸಂಖ್ಯೆ. ‘ಅಬ್‌ಸ್ಕ್ಯೂರ್ಡ್’ ಎಂದಿರುವ ಸಾಲನ್ನು ಮಾದರಿಯಿಂದ ತೆಗೆಯಿರಿ, ಜಿಲ್ಲಾ ಪಟ್ಟಿಯಲ್ಲಿ ಮಾತ್ರ ಇಡಿ.

ಉಪ್ಪಾಗೆ

ಸಿಂಗಳೀಕದ ಉತ್ತರದ ಗಡಿಗೂ ಇದೇ ತರ್ಕ ನಡೆಯುತ್ತದೆಯೇ?

ಮುಂಗಾರು

ಭಾಗಶಃ. ಕೊಂಬೆ ಬಿಟ್ಟಿಳಿಯಲು ಹಿಂಜರಿಯುವ ಪ್ರಾಣಿ, ವರ್ಷಪೂರ್ತಿ ಹಣ್ಣು ಬೇಕು. ದಕ್ಷಿಣದಲ್ಲಿ ಅದಕ್ಕೆ ಆಧಾರವಾದ ಕುಲ್ಲೇನಿಯಾ ಮರ ಉತ್ತರ ಕನ್ನಡದಲ್ಲಿಲ್ಲ. ಅಲ್ಲಿ ನಿಮ್ಮ ಹೆಸರಿನ ಉಪ್ಪಾಗೆಯಂಥ ಹಣ್ಣುಗಳನ್ನು ತಿಂದು ಬದುಕಿದೆ. ಮುಖ್ಯ ಮರ ಇಲ್ಲದಲ್ಲಿ ಪ್ರಾಣಿ ಇಲ್ಲ ಎಂದು ನಕ್ಷೆ ಬರೆದಿದ್ದರೆ ಶರಾವತಿ, ಅಘನಾಶಿನಿ ಕಣಿವೆಯ ಸಿಂಗಳೀಕ ಬಿಟ್ಟುಹೋಗುತ್ತಿತ್ತು. ಅಘನಾಶಿನಿಯಲ್ಲಿ ಅದಕ್ಕಾಗಿ ಸಂರಕ್ಷಣಾ ಮೀಸಲು ಘೋಷಿಸಿದ್ದು 2011ರಲ್ಲಿ.

ಕಾನುಮೂಲೆ

ಇನ್ನು ಖಾಲಿ ಜಾಗಕ್ಕೆ ಹೋಗಿ ನೋಡುವುದೇ ಉಳಿದದ್ದು. ಎಷ್ಟು ಸಲ ಹೋದರೆ ‘ಇಲ್ಲ’ ಎಂದು ಬರೆಯಬಹುದು?

ಜಡ್ಡಿಗದ್ದೆ

ಒಂದು ಭೇಟಿಯಲ್ಲಿ ಕಾಣುವ ಸಂಭವ 0.5 ಇದ್ದರೆ ಐದು ಸಲ ಹೋಗಿಯೂ ತಪ್ಪಿಹೋಗುವ ಸಂಭವ ಶೇ. 3. ಸಂಭವ 0.3 ಇದ್ದರೆ ಶೇ. 5ರ ಕೆಳಗೆ ಇಳಿಯಲು ಒಂಬತ್ತು ಭೇಟಿ ಬೇಕು. ಕಪ್ಪೆಗೆ ಈ ಲೆಕ್ಕ ಬೇಕು. ಮರ ಓಡುವುದಿಲ್ಲ, ಗುರುತು ಗೊತ್ತಿದ್ದು ತೊರೆಯುದ್ದಕ್ಕೂ ನಡೆದರೆ ಎರಡು ಭೇಟಿ ಸಾಕು.

ಮಾರ್ಚ್–ಮೇ ನಡುವೆ ಹೋಗಿ. ಮಳೆಗಾಲದಲ್ಲಿ ಎಲ್ಲ ತಗ್ಗೂ ಜಡ್ಡಿಯಂತೆಯೇ ಕಾಣುತ್ತದೆ. ಮೇ ತಿಂಗಳಲ್ಲೂ ಕಾಲು ಹೂಳುವ ಕೆಸರಿದ್ದರೆ ಅದು ಜಡ್ಡಿ. ತಲೆ ಎತ್ತಿ ಎಲೆ ಹುಡುಕುವ ಮೊದಲು ನೆಲ ನೋಡಿ: ಕೆಸರಿನಿಂದ ಮೊಣಕಾಲು ಮಡಚಿದಂತೆ ಬಾಗಿ ಎದ್ದ ಬೇರಿದ್ದರೆ ಜಿಮ್ನಾಕ್ರಾಂಥೆರಾ, ಕಾಂಡದಿಂದ ಊರುಗೋಲಿನಂತೆ ಇಳಿದ ಬೇರಿದ್ದರೆ ಮ್ಯಾಗ್ನಿಫಿಕಾ. ಜಿಪಿಎಸ್ ಟ್ರ್ಯಾಕ್ ಉಳಿಸಿ, ಸಿಗದಿದ್ದರೂ. ನಡೆದ ದಾರಿ, ತಾರೀಖು, ಎಷ್ಟು ಜನ, ಎಷ್ಟು ಗಂಟೆ ಇದ್ದರೆ ಮಾತ್ರ ‘ಇಲ್ಲ’ ಅನ್ನುವುದೊಂದು ದಾಖಲೆ.

ಚೌಕಟ್ಟು

ಐಯುಸಿಎನ್ (ಜೀವಿಗಳ ಅಳಿವಿನ ಅಪಾಯಕ್ಕೆ ದರ್ಜೆ ಕೊಡುವ ಸಂಸ್ಥೆ) ಅಂದಾಜಿಗೂ ಇದೇ ಕಡತ ಬರುತ್ತದೆ. ಹೊರ ಚುಕ್ಕಿಗಳನ್ನು ಸುತ್ತುವ ಬಹುಭುಜದ ವಿಸ್ತೀರ್ಣ ಒಂದು, 2×2 ಕಿ.ಮೀ. ಚೌಕಗಳನ್ನು ಎಣಿಸುವುದು ಇನ್ನೊಂದು. ಮ್ಯಾಗ್ನಿಫಿಕಾಗೆ ಕೊಲ್ಲಂನಿಂದ ಸಿಂಧುದುರ್ಗದವರೆಗೆ ಬಹುಭುಜ ಎಳೆದರೆ 20,000 ಚದರ ಕಿ.ಮೀ.ಯ ಮಿತಿ ಸುಲಭವಾಗಿ ದಾಟಿ ‘ಅಪಾಯವಿಲ್ಲ’ ಅನ್ನಿಸುತ್ತದೆ. ಚೌಕ ಎಣಿಸಿದರೆ ಚಿತ್ರವೇ ಬೇರೆ: ಅಲ್ಲಿ 500 ಚದರ ಕಿ.ಮೀ.ಯ ಒಳಗೆ, ಅಂದರೆ 125 ಚೌಕಕ್ಕಿಂತ ಕಡಿಮೆ ಬಂದರೆ ‘ಅಳಿವಿನಂಚು’ ದರ್ಜೆಯ ಮಿತಿ. ಜೊತೆಗೆ ತುಂಡು ತುಂಡಾಗಿರುವುದು, ಇಳಿಮುಖವಾಗುತ್ತಿರುವುದು ಇಂಥ ಷರತ್ತುಗಳಲ್ಲಿ ಎರಡನ್ನು ತೋರಿಸಬೇಕು. ಚೌಕದ ಜಾಲವನ್ನು ಸ್ವಲ್ಪ ಸರಿಸಿ ಹಲವು ಸಲ ಎಣಿಸಿ, ಕನಿಷ್ಠ ಸಂಖ್ಯೆ ತೆಗೆದುಕೊಳ್ಳಿ.

ಜಡ್ಡಿಗದ್ದೆ

ನಕ್ಷೆ ಇಲ್ಲಿ ಹಾಕುವಾಗ ಸೆಮೆಕಾರ್ಪಸ್‌ನ ಚುಕ್ಕಿಗಳನ್ನು 0.1 ಡಿಗ್ರಿ ಚೌಕಕ್ಕೆ ದುಂಡಾಗಿಸಿ ಹಾಕಿ. 2000ದಲ್ಲಷ್ಟೇ ಹೆಸರು ಪಡೆದ ಮರ, ಬೆರಳೆಣಿಕೆಯ ಜಾಗಗಳಲ್ಲಿ ಇರುವಂಥದ್ದು. ನಾಲ್ಕು ದಶಮಾಂಶದ ಕಡತ ನಿಮ್ಮ ಬಳಿಯೇ ಇರಲಿ.

ಕಾನುಮೂಲೆ

ಆಯಿತು. ಫಟುವಾ ಸಾಲುಗಳನ್ನು ಬೇರೆ ಮಾಡಿದೆ, ಸಮುದ್ರದ ಚುಕ್ಕಿ ಕತ್ತಲೆಕಾನಿಗೆ ಬಂದು ಕೂತಿತು. 60 ಮೀರಿದ ಅಂಕಿ ಒಂದೂ ಇಲ್ಲದ ಇನ್ನೊಂದು ಮೂಲವೂ ಸಿಕ್ಕಿದೆ. ಅದರಲ್ಲಿರುವ ಸಾಲುಗಳೆಲ್ಲ ಖಾಲಿ ಪಟ್ಟಿಯ ಅಂಚಿನವೇ.